ಕೂಗಿ ಕರೆಯದ ಅಂಗಡಿಯವನಿಂದ

ನೀಲಾಂಬಿಕಾ,

ಶಶಿಕಲಾ ಜೊತೆ ನನ್ನ ಮದುವೆ ಗೊತ್ತಾಗಿದೆ. ನಿನಗೆ ಸುದ್ದಿ ಮುಟ್ಟಿಸಿದವರು ನಮ್ಮ ಸ್ಪ್ಯಾನಿಷ್ ಮೇಷ್ಟ್ರು ಪಂಚಾಕ್ಷರಿ. ನೀನು ನಂಬಲಿಲ್ಲವಂತೆ. ನಿನ್ನೆ ನನಗೇ ಫೋನ್ ಮಾಡಿ, ಆ ವಿಷಯ ಎತ್ತದೆ, "ಆತು, ನಿಮ್ಮ ಅವ್ವನ ಜೋಡಿನ ಇರ್ತೀನ್ರಿ, ನೀವು ಹೇಳಿದಂಗ" ಅಂದೆ. ಬರೆದು ತಿಳಿಸುತ್ತೇನೆ ಎಂದು ನಾನು ಫೋನ್ ಇಟ್ಟೆ. ತಿಳಿಸುತ್ತಿದ್ದೇನೆ.

ವಿದೇಶಿ ಗ್ರಾಹಕರ ಕರೆ ತೆಗೆದುಕೊಳ್ಳುವ ಕೆಲಸಕ್ಕೆಂದು ನಾವಿಬ್ಬರೂ ನಾಗರಬಾವಿಯ ಆ ತರಗತಿಗೆ ಸೇರಿದ್ದೆವು. ಚೌಕಾಸಿಯ ಪಾಠದ ದಿನ ಮೇಷ್ಟ್ರು ಬೆಂಚಿನ ಮೇಲೆ ಟೊಮೆಟೊ, ಛತ್ರಿ, ಯಾರದೋ ಹೆಲ್ಮೆಟ್ ಹರಡಿ ನನ್ನನ್ನು ಅಂಗಡಿಯವನಾಗಿ ಕೂರಿಸುತ್ತಿದ್ದರು. ನೀನು ಗಿರಾಕಿ. "ಕ್ವಾಂತೊ ಕ್ವೆಸ್ತಾ?" ಎಂದು ಬೆಲೆ ಕೇಳುತ್ತಿದ್ದೆ. ನಾನು ಏನು ಹೇಳಿದರೂ "ಮುಯ್ ಕಾರೊ", ತುಂಬಾ ದುಬಾರಿ. ಪುಸ್ತಕದ ಪಾಠ ಅಷ್ಟೇ. ಉಳಿದ ಆಟವನ್ನು ವಿಜಯನಗರ ಮಾರ್ಕೆಟ್ಟಿನಿಂದ ನೀನೇ ಕಲಿತು ತಂದೆ. "ಮೆ ವೊಯ್", ನಾನು ಹೊರಟೆ, ಎಂದು ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ನಿಧಾನವಾಗಿ ನಡೆಯುತ್ತಿದ್ದೆ. ನಾನು ಸೋತು "ವೆಂಗಾ, ವೆಂಗಾ", ಬಾ ಬಾ, ಎಂದು ಕೂಗಬೇಕು. ಪ್ರತಿ ಸಲವೂ ಕೂಗಿದೆ. "ಮಾರಾಕ ಲಾಯಕ್ಕಿಲ್ಲ ಬಿಡ್ರಿ ನೀವು" ಅಂದೆ ನೀನು. ತರಗತಿಯೆಲ್ಲ ನಕ್ಕಿತು.

ಒಮ್ಮೆ ನಾನು, "ಸಾರ್, ಅಂಗಡಿಯವನು ಕರೀದೇ ಇದ್ರೆ?" ಎಂದು ಕೇಳಿದ್ದೆ.

"ತಿರುಗಿ ನೋಡ್ದೆ ಪಕ್ಕದಂಗಡಿಗೆ ನಡೀಬೇಕು ಕಣ್ರೀ. ವಾಪಸ್ ಬಂದ್ರೆ ಮರ್ಯಾದೆ ಇರಲ್ಲ" ಅಂದರು ಮೇಷ್ಟ್ರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು.

ನಾವಿಬ್ಬರೂ ಮದುವೆಯಾಗುವುದೆಂದು ಮಾತಾದ ಮೇಲೆ, ಡಾ. ರಾಜ್‌ಕುಮಾರ್ ರಸ್ತೆಯ ಪಾತ್ರೆ ಅಂಗಡಿಯಲ್ಲಿ ನಮ್ಮ ಸಂಸಾರಕ್ಕೆಂದು ನೀನು ಒಂದು ಕುಕ್ಕರ್ ಆರಿಸಿದೆ. ಅಲ್ಲೇ, ಆರ್‌ಪಿಸಿ ಲೇಔಟಿನಲ್ಲಿ ಬೇರೆ ಮನೆ ಮಾಡಿದರಷ್ಟೇ ಮದುವೆ ಎಂದು ನೀನು ಹಟ ಹಿಡಿದೆ. ಅಮ್ಮನ ಕಣ್ಣಿನ ಆಪರೇಷನ್ ಆಗುವವರೆಗಾದರೂ ಜೊತೆಗಿರೋಣ ಎಂದು ನಾನು ಕೇಳಿಕೊಂಡೆ. ನೀನು ಕುಕ್ಕರ್ ಕೆಳಗಿಟ್ಟು "ಮೆ ವೊಯ್" ಎಂದು ಹೊರಟೆ.

ಅದೇ ನಡಿಗೆ. ಹೊರಟದ್ದು ಮೆಟ್ರೊ ಕಡೆಗೆ, ಆದರೆ ಮೆಟ್ರೊ ಹಿಡಿಯುವವರು ಹಾಗೆ ನಡೆಯುವುದಿಲ್ಲ. ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು ಬ್ಯಾಗಿನಲ್ಲಿ ಏನೋ ಹುಡುಕಿದೆ. ಚಪ್ಪಲಿ ಸರಿಮಾಡಿಕೊಂಡೆ. ಯಾಕೆಂದು ನನಗೆ ಗೊತ್ತಿತ್ತು. ಕರೆಯುವ ಪದ ಬಾಯಿಯವರೆಗೂ ಬಂದಿತ್ತು. ಕರೆಯಲಿಲ್ಲ. ನೀನು ಮೆಟ್ರೊ ಮೆಟ್ಟಿಲು ಹತ್ತಿ ಮರೆಯಾಗುವವರೆಗೂ ನಾನು ಅಂಗಡಿ ಬಾಗಿಲಲ್ಲಿ ನೋಡುತ್ತ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ಆ ಕುಕ್ಕರನ್ನೇ ಕೊಂಡೆ. ಚೌಕಾಸಿ ಮಾಡಲಿಲ್ಲ.

ಶಶಿಕಲಾ ಮನೆಗೆ ಬಂದ ದಿನ ಅಮ್ಮನ ಕೈ ಹಿಡಿದು ಹೊಸಿಲು ದಾಟಿಸಿದಳು. ಅಡುಗೆಮನೆಯಲ್ಲಿ ಕುಕ್ಕರ್ ನೋಡಿ, "ಚೆನ್ನಾಗಿದೆ ಕಣ್ರೀ, ಯಾರು ಆರಿಸಿದ್ದು?" ಅಂದಳು. ನಾನೇ ಎಂದೆ.

ನಿನ್ನೆ ನೀನು ಒಪ್ಪಿದ್ದು ಅಂದು ನಾನು ಹೇಳಿದ ಬೆಲೆಗೇ. ಸಾಮಾನು ಮಾರಿಹೋಗಿದೆ. ಇನ್ನು ಫೋನ್ ಮಾಡಬೇಡ.

ಶನಿವಾರ ತರಗತಿಯಲ್ಲಿ ನಿನ್ನ ಸ್ಪ್ಯಾನಿಷ್ ಮಾತಿನ ಪರೀಕ್ಷೆ. ಒಳ್ಳೆಯದಾಗಲಿ. ಅಂಗಡಿಯವನ ಜಾಗಕ್ಕೆ ಮೇಷ್ಟ್ರು ಬೇರೆಯವರನ್ನು ನೋಡಿದ್ದಾರೆ.

ನಿಶ್ಚಿತಾರ್ಥ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ರಾಜಾಜಿನಗರದ ನಮ್ಮ ಮನೆಯಲ್ಲಿ.

ನಾಗೇಂದ್ರ