ಅಪ್ಪನ ಗ್ಯಾಸು

ಅಪ್ಪಾ,

ಇವತ್ತು ನಮ್ಮ ಹೊಲಿಗೆ ಅಂಗಡಿಯಲ್ಲಿ ಗಿರಾಕಿಯೊಬ್ಬಳ ಭುಜದ ಅಳತೆ ತೆಗೆಯುತ್ತಿದ್ದಾಗ ಮತ್ತೆ ಬಂತು. ಎದೆ ಡವಡವ ಹೊಡೆದುಕೊಂಡಿತು, ಉಸಿರು ಒಳಗೇ ಸಿಕ್ಕಿಕೊಂಡಿತು. ಟೇಪನ್ನು ಅವಳ ಹೆಗಲ ಮೇಲೇ ಬಿಟ್ಟು ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ನೀನು ಕೂರುತ್ತಿದ್ದ ಅದೇ ಮೆಟ್ಟಿಲು.

ಸಂಜೆ ಡಾಕ್ಟರ ಹತ್ತಿರ ಹೋದೆ.

"ಹೃದಯಕ್ಕೇನೂ ಆಗಿಲ್ಲಮ್ಮ, ಇದು ಗಾಬರಿ ಕಾಯಿಲೆ. ಮಾತ್ರೆ ತಗೊಂಡ್ರೆ ಹತೋಟಿಗೆ ಬರುತ್ತೆ. ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

"ಇಲ್ಲ ಡಾಕ್ಟ್ರೇ. ಅಪ್ಪಂಗೆ ಗ್ಯಾಸ್ ಇತ್ತು ಅಷ್ಟೆ. ಎದೆ ಹಿಡ್ಕೊಂಡು ಮೆಟ್ಟಿಲ ಮೇಲೆ..."

ಅವರು ಬರೆಯುವುದನ್ನು ಬಿಟ್ಟು ತಲೆಯೆತ್ತಿ ನನ್ನನ್ನು ನೋಡಿದರು.

ಇಪ್ಪತ್ತು ವರ್ಷ ನಾವೆಲ್ಲ ನಿನ್ನನ್ನು 'ಗ್ಯಾಸ್ ಸಿಲಿಂಡರ್' ಎಂದು ಆಡಿಕೊಂಡೆವು. ಬೆವರು ಒರೆಸಿಕೊಳ್ಳುತ್ತ ನೀನೂ ನಗುತ್ತಿದ್ದೆ.

ಮಾತ್ರೆ ಈಗ ನಿನ್ನ ಗುಂಡಿ ಡಬ್ಬಿಯಲ್ಲಿದೆ. ನುಂಗಿದರೆ ತಲೆ ಮಂಕಾಗಿ ಕತ್ತರಿ ದಾರಿ ತಪ್ಪೀತೆಂಬ ಭಯ. ನುಂಗದಿದ್ದರೆ ನಾಳೆಯೂ ಅದೇ ಮೆಟ್ಟಿಲು. ಏನು ಮಾಡಲೆಂದು ಕೇಳಬೇಕಿದ್ದದ್ದು ನಿನ್ನನ್ನೇ.

ಈಗಷ್ಟೇ ಮಗಳು ಬಂದು, "ಡಾಕ್ಟ್ರು ಏನಂದ್ರಮ್ಮ?" ಎಂದಳು.

"ಏನಿಲ್ಲ ಪುಟ್ಟಿ, ಗ್ಯಾಸಂತೆ," ಎಂದೆ.

ಅವಳು ನಕ್ಕಳು, ಅಪ್ಪಾ.