ಧಂತಾಲ್ ಇಲ್ಲದ ಮೇಳ

ಪೆನಾಲ್, ಟ್ರಿನಿಡಾಡ್
೧೧ ಮಾರ್ಚ್ ೧೯೭೯

ಪ್ರೀತಿಯ ದುಲಾರ್‌ಗೆ,

ಜೋಖನ್‌ನ ರಾಮ್ ರಾಮ್. ನೀನು ಟೊರೊಂಟೊಗೆ ಹೋಗಿ ಎರಡು ವರ್ಷದ ಮೇಲಾಯಿತು, ನಾನು ಒಂದು ಸಾಲೂ ಬರೆಯಲಿಲ್ಲ. ಅಂಚೆ ಕಚೇರಿ ನನ್ನ ಮನೆಯಿಂದ ಎಷ್ಟು ದೂರವೆಂದು ನಿನಗೆ ಗೊತ್ತು, ಹಾಗಾಗಿ ನೆಪ ಹೇಳುವಂತೆಯೂ ಇಲ್ಲ. ತಪ್ಪಾಯಿತು. ಕಮಲಾ, ನೀನು ಅಪ್ಪನಿಗೆ ಓದಿ ಹೇಳುತ್ತೀಯ ಎಂದು ನಂಬಿ ಬರೆಯುತ್ತಿದ್ದೇನೆ. ಅವನು ನಡುವೆ ಎದ್ದುಹೋದರೆ ತೋಳು ಹಿಡಿದು ಕೂರಿಸು ತಾಯಿ. ಮುನಿಸು ಬಂದರೆ ಎದ್ದುಹೋಗುವುದು ಅವನ ಹಳೆಯ ಚಾಳಿ.

ಇಲ್ಲಿ ಕಬ್ಬಿನ ಕಟಾವು ನಡೆದಿದೆ. ಒಣಹಾಕಿದ ಬಟ್ಟೆಯ ಮೇಲೆಲ್ಲ ಮಸಿ. ನಿನ್ನ ಅತ್ತಿಗೆ ಸುಮಿಂತ್ರಾ ಸಕ್ಕರೆ ಕಾರ್ಖಾನೆಗೂ ನನಗೂ ಸಮನಾಗಿ ಬೈಯುತ್ತಾಳೆ. ಅವಳ ಮಂಡಿನೋವು ಹಾಗೇ ಇದೆ. ನನ್ನ ಎಡಗಣ್ಣಿಗೆ ಪೊರೆ ಬಂದಿದೆ, ಹಾರ್ಮೋನಿಯಂ ನುಡಿಸಲು ಕಣ್ಣೇನೂ ಬೇಕಿಲ್ಲವಲ್ಲ.

ಇದನ್ನು ಹೇಗೆ ಹೇಳಲಿ? ನಮ್ಮ ಬಿಸ್ನಾಥ್ ಹೋಗಿಬಿಟ್ಟ. ಹೋದ ತಿಂಗಳು, ಶುಕ್ರವಾರ ಬೆಳಿಗ್ಗೆ. ಎರಡು ಮೂತ್ರಪಿಂಡವೂ ಕೈಕೊಟ್ಟಿದ್ದವು. ಹಿಂದಿನ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಅಂಥ ಹಾಡುಗಾರನ ಗಂಟಲು ಒಡಕು ಬಿದಿರಿನಂತಾಗಿತ್ತು.

"ದುಲಾರ್‌ಗೆ ತಿಳ್ಸಿದ್ಯೇನೋ?" ಅಂದ.

"ತಿಳ್ಸಿದೀನಿ ಭಾಯ್," ಅಂದೆ. ತಿಳಿಸಿರಲಿಲ್ಲ.

"ಆ ಶುಕ್ಲಾ?"

"ಇಂಡಿಯಾಕ್ಕೆ ವಾಪಸ್ ಹೋದ್ರಂತೆ."

"ಹೋಗ್ಲಿ. ಅವನ ಸಿತಾರಿಗೆ ತುಕ್ಕು ಹಿಡೀಲಿ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡ. ಆಮೇಲೆ ನೀರು ಕೇಳಿದ.

ಬಿಸ್ನಾಥನ ವರಾಂಡದಲ್ಲಿ ನಮ್ಮ ಮೇಳ ಹುಟ್ಟಿದ ಭಾನುವಾರ ಈಗ ದಿನಾ ಕಣ್ಣಿಗೆ ಕಟ್ಟುತ್ತದೆ. ಲಖನೌದಿಂದ ಪಾಠ ಹೇಳಲು ಬಂದಿದ್ದ ಶುಕ್ಲಾ ಮಾಸ್ತರರು ಸಿತಾರ್ ತಂದಿದ್ದರು. ಶಾಸ್ತ್ರೀಯ ಹಾಡೂ ಸಿನಿಮಾ ಹಾಡೂ ಒಂದೇ ವೇದಿಕೆಯಲ್ಲಿ ಇರಲಿ ಎನ್ನುವುದು ಅವರ ಆಸೆ. ಬಿಸ್ನಾಥ್ ಹಾರಾಡಿದ. "ಸಿನಿಮಾ ಹಾಡೋಳ ಪಕ್ಕ ನಾನು ಕೂರೋದಾ? ನಮ್ಮಪ್ಪ ಚಿತೆಯಿಂದ ಎದ್ದು ಬರ್ತಾನೆ!"

ಸಿನಿಮಾ ಹಾಡಿನ ನಮ್ಮ ಇಂದ್ರಾಣಿ ಬಿಡುತ್ತಾಳೆಯೇ? "ಬರ್ಲಿ ಕಾಕಾ, ಅವ್ರಿಗೂ ಒಂದು ಹಾಡು ಹೇಳಿ ಕಳಿಸ್ತೀನಿ."

ನೀನು ನಕ್ಕು ನಕ್ಕು ತಾಳ ತಪ್ಪಿದೆ. ನಲವತ್ತು ವರ್ಷದಲ್ಲಿ ನೀನು ತಾಳ ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಾಸ್ತರರು ನಿನ್ನ ಧಂತಾಲ್ ಮುಟ್ಟಿ ನೋಡಿ ಇದೇನೆಂದು ಕೇಳಿದರು. ನೀನು ಹೇಳಿದೆ: "ಈ ಸರಳು ಎತ್ತಿನಗಾಡಿ ಅಚ್ಚು ಮಾಸ್ತರ್. ಹೊಡೆಯೋದು ಕುದುರೆ ಲಾಳ. ಎತ್ತು ಸತ್ತೋಯ್ತು, ಕುದುರೆ ಓಡೋಯ್ತು, ಸದ್ದು ಮಾತ್ರ ನಮ್ಮತ್ರ ಉಳೀತು." ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಆರು ತಿಂಗಳು ಭಾನುವಾರ ಬಂದರೆ ಸಾಕು ಎನ್ನುವಂತಿದ್ದೆವು. ಆಮೇಲೆ ಪೇಟೆಯ ದೊಡ್ಡ ಸಭಾಂಗಣದಲ್ಲಿ ಕಛೇರಿ ಗೊತ್ತಾಯಿತು. ಮಾಸ್ತರರ ಇಂಗ್ಲಿಷ್ ಚೀಟಿ ನಿನ್ನ ಕೈಗೆ ಬಂತು, ನೀನು ಓದಿಸಲು ನನ್ನ ಅಂಗಳಕ್ಕೆ ತಂದೆ. ಈ ಸಲ ಧಂತಾಲ್ ಬೇಡವಂತೆ ಎಂದು ನಾನು ಓದಿ ಹೇಳಿದಾಗ ನೀನು "ಸರಿ ಬಿಡು" ಎಂದಷ್ಟೇ ಹೇಳಿ, ಚೀಟಿಯನ್ನು ನನ್ನ ಕೈಯಲ್ಲೇ ಬಿಟ್ಟು ನಡೆದೆ. ಮಾರನೆಯ ದಿನ ಸುದ್ದಿ ತಿಳಿದ ಬಿಸ್ನಾಥ್ "ದುಲಾರ್ ಬೇಡ ಅಂದೋನ ಮುಖ ನಾನು ನೋಡಲ್ಲ" ಎಂದು ಬಾಗಿಲು ಹಾಕಿಕೊಂಡ. ಮಾಸ್ತರರು ಎರಡು ಸಲ ಬಂದು ಅವನ ಗೇಟಿನಲ್ಲೇ ನಿಂತು ಹೋದರು. ಕಛೇರಿ ನಿಂತಿತು, ಮೇಳ ಮುರಿಯಿತು. ಮೂರು ತಿಂಗಳಲ್ಲಿ ನೀನೂ ಮಗಳ ಮನೆ ಸೇರಿದೆ. ಹೇಳಿಹೋಗಲೂ ಬರಲಿಲ್ಲ.

ಬಿಸ್ನಾಥನ ಹದಿಮೂರನೆಯ ದಿನದ ಊಟಕ್ಕೆ ಊರೇ ಬಂದಿತ್ತು. ಸೊಹಾರಿ ಎಲೆಯ ಮೇಲೆ ದಾಲ್‌ಪುರಿ, ಕುಂಬಳಕಾಯಿ ಪಲ್ಯ, ಎಲ್ಲ ಅವನಿಗೆ ಇಷ್ಟವಾದದ್ದೇ. ಊಟಕ್ಕೆ ಮೊದಲು ಅವನ ಹಾಡೊಂದನ್ನು ಹಾಡೋಣವೆಂದು ಕೂತೆವು. ಇಂದ್ರಾಣಿ ಎತ್ತಿಕೊಂಡಳು, ಅವನ ಅಳಿಯ ಸನ್ನಿ ಢೋಲಕ್ ಹಿಡಿದ. ಎರಡನೆಯ ಚರಣಕ್ಕೆ ಅವಳೊಂದು ದಾರಿ, ನಾನೊಂದು ದಾರಿ. ಸನ್ನಿ ಢೋಲಕ್ ಕೆಳಗಿಟ್ಟ. "ಆಗಲ್ಲ ಕಾಕಾ. ದುಲಾರ್ ಕಾಕಾ ಇಲ್ದೆ ಕಾಲೂರೋಕೇ ಜಾಗ ಸಿಗಲ್ಲ." ಒಳಗಿನಿಂದ ಬಿಸ್ನಾಥನ ಹೆಂಡತಿ "ಯಾಕ್ರೋ ನಿಲ್ಸಿದ್ರಿ?" ಎಂದು ಕೂಗಿದಳು. ನಾನು ಹಾರ್ಮೋನಿಯಂ ಮುಚ್ಚಿದೆ.

ಇಂದ್ರಾಣಿ ಮತ್ತೆ ಮೇಳ ಕಟ್ಟುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನೀನು ಬಂದರೆ ಮಾತ್ರ, ಇಲ್ಲದಿದ್ದರೆ ಇಲ್ಲ ಎನ್ನುತ್ತಾಳೆ. ಈಸ್ಟರ್ ರಜೆಗೆ ಬಾ ದುಲಾರ್. ನಮಗೆ ಉಳಿದಿರುವ ಭಾನುವಾರಗಳು ಬಹಳ ಇಲ್ಲ. ನನಗೆ ನೀನು ಬೇಕು.

ಕಮಲಾಗೂ ಮೊಮ್ಮಕ್ಕಳಿಗೂ ನನ್ನ, ಸುಮಿಂತ್ರಾಳ ಆಶೀರ್ವಾದ. ಆ ಚಳಿಯಲ್ಲಿ ಎದೆ ಬೆಚ್ಚಗೆ ಇಟ್ಟುಕೋ. ದೇವರು ನಿನ್ನ ಕೈ ಕಾಲು ಗಟ್ಟಿಯಾಗಿಡಲಿ.

ನಿನ್ನ
ಜೋಖನ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಒಡೆದೆ. ದುಲಾರ್, ಮಾಸ್ತರರು ಧಂತಾಲ್ ಬೇಡ ಎನ್ನಲೇ ಇಲ್ಲ. "ದುಲಾರ್ ಅವರು ನನ್ನ ಪಕ್ಕದಲ್ಲೇ, ಎಲ್ಲರಿಗಿಂತ ಮುಂದೆ ಕೂರಲಿ. ಈ ಮೇಳದ ಜೀವ ಅವರ ಕೈಯಲ್ಲಿದೆ" ಎಂದು ಬರೆದಿದ್ದರು. ನಾನು ಉಲ್ಟಾ ಓದಿದೆ. ಪೇಟೆಯ ಸೂಟುಬೂಟಿನವರ ಎದುರು ಗಾಡಿಯ ಕಬ್ಬಿಣ ಬಡಿದರೆ ನಗುತ್ತಾರೆ ಎಂದು ನಾಚಿಕೆಯಾಯಿತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಆರು ತಿಂಗಳಲ್ಲಿ ಆ ಮನುಷ್ಯ ನನ್ನ ಹಾರ್ಮೋನಿಯಂ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ನನಗೆ ಹೊಟ್ಟೆ ಉರಿಯಿತು. ಬಿಸ್ನಾಥ್ ತಪ್ಪಿಲ್ಲದವನಿಗೆ ಶಾಪ ಹಾಕುತ್ತಾ ಸತ್ತ, ನಾನು ಪಕ್ಕದಲ್ಲೇ ಕೂತು ಬಾಯಿ ಬಿಡಲಿಲ್ಲ. ಆ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಕಮಲಾ, ಅದರಲ್ಲಿ ಇರುವುದನ್ನು ಇದ್ದ ಹಾಗೇ ನಿಮ್ಮಪ್ಪನಿಗೆ ಓದಿ ಹೇಳು ಮಗಳೇ. ನಾನು ಓದಿದ ಹಾಗೆ ಓದಬೇಡ.