ಒಂದೇ ನಂಬರಿನ ಎರಡು ಸೆಟ್ಟು

ಮನೆಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ

ನನ್ನ ದೊಡ್ಡ ಮಗನೇ,

ಹೇಗಿದ್ದೀಯ ಕಂದಾ? ಕೈ ಮಾಯುತ್ತಿದೆಯಾ? ಕೈ ಎಂದು ಬರೆದೆ ನೋಡು, ಅಭ್ಯಾಸ. ಗಾಯ ಎಂದು ಓದಿಕೋ. ಇಲ್ಲದ ಬೆರಳುಗಳೂ ನೋಯುತ್ತವೆ ಎಂದು ನೀನು ಹೇಳಿದೆಯಂತೆ, ನಿನ್ನ ಹೆಂಡತಿ ಫೋನಿನಲ್ಲಿ ಅತ್ತಳು. ಅವಳದು ಯಾವಾಗಲೂ ಸ್ವಲ್ಪ ಅತಿಯೇ. ಗುಳಿಗೆಗಳನ್ನು ಹೊತ್ತುಹೊತ್ತಿಗೆ ನುಂಗು. ಆಸ್ಪತ್ರೆಯ ಕಿಟಕಿ ಪಕ್ಕ ಮಲಗಬೇಡ, ನಿನಗೆ ಥಂಡಿ ಆಗಿಬರುವುದಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹಾಗೇ ಇದೆ, ಮಾತು ಮಾತ್ರ ಕಡಿಮೆಯಾಗಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಫೋನು ಸದಾ ನಿನ್ನ ಹೆಂಡತಿಯ ಕೈಯಲ್ಲಿರುತ್ತದೆ. ಅದಕ್ಕೇ ಕಾಗದ.

ನಿನ್ನ ತಮ್ಮನ ವಿಷಯ ಹೇಳಬೇಕು. ಮಗು ಸರಿಯಾಗಿ ಊಟ ಮಾಡಿ ಎಷ್ಟು ದಿನವಾಯಿತೋ. ಮಗು ಎಂದರೆ ನೀನು ನಗುತ್ತೀಯ, ಮೀಸೆ ಬಂದವನು ಯಾವ ಸೀಮೆ ಮಗುವಮ್ಮಾ ಎನ್ನುತ್ತೀಯ. ಮೊನ್ನೆ ನನ್ನ ಮಡಿಲಲ್ಲಿ ತಲೆಯಿಟ್ಟು ಎಲ್ಲ ಹೇಳಿಬಿಟ್ಟ. ಕಾರ್ಖಾನೆಯ ವಾಕಿಟಾಕಿ ಕೋಣೆಯಲ್ಲಿ ಅವನನ್ನು ನಿನ್ನ ಕೈಕೆಳಗೆ ಸೇರಿಸಿದವನು ನೀನೇ. ಹೊಸ ವಾಕಿಟಾಕಿ ಸೆಟ್ಟುಗಳು ಬಂದ ದಿನ ಅವನ್ನೆಲ್ಲ ಅವನ ಮುಂದೆ ಸುರಿದು, ಕಲ್ಲು ಸಾಗಿಸುವ ಬೆಲ್ಟಿನ ಹತ್ತಿರ ಆಂಟೆನಾ ಕಟ್ಟಬೇಕೆಂದು ಓಡಾಡುತ್ತಿದ್ದೆಯಂತೆ. ಒಂದು ಸೆಟ್ಟಿಗೆ ಹಾಕಿದ ಪ್ರೋಗ್ರಾಮನ್ನು ಉಳಿದವಕ್ಕೆ ಕಾಪಿ ಹೊಡೆದು, ಆಮೇಲೆ ಒಂದೊಂದಕ್ಕೂ ಬೇರೆ ಬೇರೆ ನಂಬರು ಕೊಡಬೇಕು, ಅಷ್ಟೇ ತಾನೇ? ಪಾಪ, ಕೊಡುತ್ತಾ ಬಂದಿದ್ದಾನೆ. ನಡುವೆ ಮದುವೆಯಾಗುವ ಹುಡುಗಿಯ ಫೋನು ಬಂತು. ಹೊಸದರಲ್ಲಿ ಯಾರಾದರೂ ಫೋನು ಇಡುತ್ತಾರೆಯೇ? ಯಾವುದಕ್ಕೆ ಕೊಟ್ಟೆ, ಯಾವುದನ್ನು ಬಿಟ್ಟೆ ಎಂಬುದು ಮರೆತುಹೋಯಿತು. ಒಂದು ಸೆಟ್ಟಿನಲ್ಲಿ ಕಾಪಿ ಹೊಡೆದ ಆ ಮೊದಲ ಸೆಟ್ಟಿನ, ಅಂದರೆ ಕ್ಯಾಂಟೀನಿನ ಡುಮ್ಮಣ್ಣನ, ನಂಬರೇ ಉಳಿದುಬಿಟ್ಟಿತು. ಅದು ನಿನ್ನ ಸೊಂಟಕ್ಕೇ ಬರಬೇಕೇ! ಹಣೆಬರಹ, ಇನ್ನೇನು ಹೇಳಲಿ.

ಬೆಲ್ಟಿಗೆ ಕೈ ಸಿಕ್ಕಿದಾಗ ನೀನು ಸೆಟ್ಟಿನ ಕೆಂಪು ಗುಂಡಿ ಒತ್ತಿದೆಯಲ್ಲ, ಯಾಕೆ ಯಾರೂ ಬರಲಿಲ್ಲ ಎಂದು ಇವತ್ತಿಗೂ ಕೇಳುತ್ತಿದ್ದೀಯಂತೆ. ನೀನು ಒತ್ತಿದ್ದು ಕಂಟ್ರೋಲ್ ರೂಮಿಗೆ ಮುಟ್ಟಿತ್ತು ಕಣೋ. ಪರದೆಯ ಮೇಲೆ ಡುಮ್ಮಣ್ಣನ ಹೆಸರು ಬಂತು. ಕ್ಯಾಂಟೀನಿಗೆ ಫೋನು ಮಾಡಿದರೆ ಅವನು ಟೀ ಸೋಸುತ್ತಾ ನಿಂತಿದ್ದ. "ನಂಗೇನ್ ಆಗಿದೆ ರೋಗ? ಹೊಟ್ಟೆ ತಾಗಿ ಗುಂಡಿ ಒತ್ಕೊಂಡಿರ್ಬೇಕು" ಅಂದನಂತೆ. ಎಲ್ಲರೂ ನಕ್ಕು ಅಲಾರಂ ಆಫ್ ಮಾಡಿದರು. ನೀನು ಮತ್ತೆ ಒತ್ತಿದೆ, ಮತ್ತೆ ನಕ್ಕರು. ಬೆಲ್ಟಿನ ಸದ್ದಿನಲ್ಲಿ ನಿನ್ನ ಕೂಗು ಬರೀ ಗೊರಗೊರ ಎಂದು ಕೇಳಿತಂತೆ. ಇನ್ನೊಮ್ಮೆ ಒತ್ತಿದಾಗ, ಹೊಟ್ಟೆ ಕರಗಿಸಿಕೋ ಎಂದು ಡುಮ್ಮಣ್ಣನಿಗೆ ಬೈದರಂತೆ. ಅಲ್ಲಿದ್ದವನು ನೀನಲ್ಲದಿದ್ದರೆ ಕೇಳಿ ನಾನೂ ನಗುತ್ತಿದ್ದೆ. ಬೇಗ ಬಂದಿದ್ದರೆ ಕೈ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ನಿನ್ನ ಹೆಂಡತಿ ಊರೆಲ್ಲ ಸಾರಿಕೊಂಡು ಬರುತ್ತಿದ್ದಾಳೆ. ಅದರಿಂದ ಯಾರಿಗೇನು ಲಾಭವೋ ನನಗೆ ಗೊತ್ತಿಲ್ಲ.

ಊಟಕ್ಕೆ ಕೂತಾಗಲೆಲ್ಲ ನೀನು ನನಗೆ ಪಾಠ ಹೇಳುತ್ತಿದ್ದೆ. "ಅಮ್ಮಾ, ಇಬ್ರಿಗೆ ಒಂದೇ ಹೆಸ್ರು ಇಡ್ಬಹುದು, ಎರಡು ಸೆಟ್ಟಿಗೆ ಒಂದೇ ನಂಬರ್ ಕೊಡ್ಬಾರ್ದು. ಕೂಗ್ತಿರೋದು ಯಾರು ಅಂತಾನೇ ಗೊತ್ತಾಗಲ್ಲ." ಇಷ್ಟೆಲ್ಲ ಬಲ್ಲವನು ನಿನ್ನ ಸೆಟ್ಟನ್ನು ನೀನೇ ಒಂದು ಸಲ ನೋಡಿಕೊಳ್ಳಬಾರದಿತ್ತೇ? ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ನನಗೆ ನೀವಿಬ್ಬರೂ ಎರಡು ಕಣ್ಣು. ಆದರೆ ಒಂದು ಕಣ್ಣಿಗೆ ಏಟು ಬಿದ್ದ ಮೇಲೆ ಇನ್ನೊಂದನ್ನಾದರೂ ಕಾಪಾಡಿಕೊಳ್ಳಬೇಕಲ್ಲ. ಹೆಣ್ಣಿನ ಕಡೆಯವರು ಇನ್ನೂ ಏನೂ ಕೇಳಿಲ್ಲ, ಒಳ್ಳೆಯ ಜನ. ಮದುವೆಗೆ ನಿನಗೊಂದು ತುಂಬುತೋಳಿನ ಅಂಗಿ ಹೊಲಿಸುತ್ತಿದ್ದೇನೆ. ತೋಳು ಸ್ವಲ್ಪ ಉದ್ದವೇ ಇರಲಿ ಎಂದು ದರ್ಜಿಗೆ ಹೇಳಿದ್ದೇನೆ, ಫೋಟೋದಲ್ಲಿ ಗೊತ್ತಾಗಬಾರದು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮೊಮ್ಮಗಳಿಗೆ ಅಜ್ಜಿಯ ಮುತ್ತು. ನಿನ್ನ ತಮ್ಮ ನಿನ್ನ ಕಾಲಿಗೆ ಬಿದ್ದೆನೆಂದು ಬರೆಯಲು ಹೇಳಿದ್ದಾನೆ.

ಹೆತ್ತ ಹೊಟ್ಟೆಯ ಹರಕೆಯೊಂದಿಗೆ,
ನಿನ್ನ ಅಮ್ಮ

ಬರೆಯಲು ಮರೆತೆ: ವಿಚಾರಣೆಯ ಸಾಹೇಬರು ನಾಳೆ ನಿನ್ನ ಹತ್ತಿರ ಬರುತ್ತಾರೆ. "ಆ ಸೆಟ್ಟಿಗೆ ನಂಬರು ಹಾಕಿದ್ದು ನಾನೇ" ಎಂದುಬಿಡು. ನಾನೂ ಅಪ್ಪನೂ ಅವರ ಮುಂದೆ ನೀನೇ ಹಾಕಿದ್ದೆಂದು ಹೇಳಿಯಾಗಿದೆ. ನಿನ್ನದೇ ತಪ್ಪೆಂದಾದರೆ ಪರಿಹಾರ ಸಿಗುವುದಿಲ್ಲವಂತೆ, ಕಂಟ್ರೋಲ್ ರೂಮಿನಲ್ಲಿ ನಿನಗೆ ಕೊಡುತ್ತೇವೆಂದಿದ್ದ ಕುರ್ಚಿ ಕೆಲಸವೂ ಇಲ್ಲವಂತೆ. ಹೋಗಲಿ ಬಿಡು. ನಿನಗೆ ಹೇಗೂ ಕೈ ಹೋಯಿತು, ನಿನ್ನ ತಮ್ಮನಿಗೆ ಎರಡೂ ಇವೆ. ನಿನ್ನ ಜಾಗಕ್ಕೆ ಅವನನ್ನೇ ತೆಗೆದುಕೊಳ್ಳುತ್ತಾರೆ, ಹೊರಗಿನವರ ಪಾಲಾಗುವುದು ತಪ್ಪಿತು. ನಿನ್ನ ಹೆಂಡತಿ ಟೀ ತರಲು ಹೋದಾಗ ಅಪ್ಪ ಈ ಕಾಗದವನ್ನು ನಿನಗೆ ಕೊಡುತ್ತಾರೆ. ಅವಳು ಬರುವುದರೊಳಗೆ ಓದಿ ಹರಿದುಹಾಕು. ಒಂದು ಕೈಯಲ್ಲಿ ಆಗದಿದ್ದರೆ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹರಿ.